ಎಕ್ಸ್‌ಪೈರಿ ಇನ್ನೂ ಇದೆ, ಆದ್ರೂ ಎಸ್‌ಜಿಪಿಟಿ ಯಾಕೆ ನಾರ್ಮಲ್ ಬರ್ತಿದೆ?

ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಸಣ್ಣ ಲ್ಯಾಬ್ ಸೇರಿದೀನಿ, ಕಿಟ್ ಎಕ್ಸ್‌ಪೈರಿಗೆ ಇನ್ನೂ ಆರು ತಿಂಗಳಿದೆ, ಕಣ್ಣೆಲ್ಲ ಹಳದಿ ಆಗಿರೋರಿಗೂ ಎಸ್‌ಜಿಪಿಟಿ (ಲಿವರ್ ಎಂಜೈಮ್ ಟೆಸ್ಟ್) ನಾರ್ಮಲ್ ಬರ್ತಿದೆ, ಸೆಮಿ ಆಟೋ ಮೆಷಿನ್ ಕೆಟ್ಟಿದೆಯಾ ಅಂತ ಕೇಳಿದೀರ. ಮೆಷಿನ್ ಬೈಯೋಕೆ ಮುಂಚೆ ರೀಏಜೆಂಟ್, ಅಂದ್ರೆ ಟೆಸ್ಟಿಗೆ ಹಾಕೋ ಕೆಮಿಕಲ್ ನೋಡಿ ಮಾರಾಯ್ರೆ.

ಡಬ್ಬದ ಮೇಲಿರೋ ಡೇಟು ಸೀಲ್ ಒಡೀದೆ 2ರಿಂದ 8 ಡಿಗ್ರಿಲಿ ಇಟ್ಟಿದ್ರೆ ಮಾತ್ರ ಲೆಕ್ಕ. ಎರಡು ಬಾಟಲಿ ಬೆರೆಸಿ ವರ್ಕಿಂಗ್ ರೀಏಜೆಂಟ್ ಮಾಡಿದ್ಮೇಲೆ ಅದರ ಆಯಸ್ಸೇ ಬೇರೆ, ಕಿಟ್ ಒಳಗಿನ ಚೀಟಿಲಿ ಬರೆದಿರ್ತಾರೆ, ಯಾರೂ ಓದಲ್ಲ. ಎಸ್‌ಜಿಪಿಟಿಲಿ ನಾವು ನೋಡೋದು 340 ನ್ಯಾನೋಮೀಟರ್ ಬೆಳಕಲ್ಲಿ, ರೀಏಜೆಂಟಲ್ಲಿರೋ ಎನ್‌ಎಡಿಎಚ್ ಅನ್ನೋ ಕೆಮಿಕಲ್ ಎಷ್ಟು ಬೇಗ ಇಳಿಯುತ್ತೆ ಅಂತ. ಆ ಎನ್‌ಎಡಿಎಚ್ಚೇ ಅರ್ಧ ಸತ್ತಿದ್ರೆ, ಜಾಸ್ತಿ ಎಂಜೈಮ್ ಇರೋ ಸ್ಯಾಂಪಲ್ ಹಾಕಿದ ತಕ್ಷಣ, ಮೆಷಿನ್ ರೀಡಿಂಗ್ ಶುರು ಮಾಡೋದ್ರೊಳಗೇ ಪೂರ್ತಿ ಖಾಲಿ ಆಗೋಗುತ್ತೆ, ಆಮೇಲೆ ಇಳಿಯೋಕೆ ಏನೂ ಉಳಿದಿರಲ್ಲ, ಮೆಷಿನ್ ಪಾಪ ನಾರ್ಮಲ್ ಅಂತ ತೋರಿಸುತ್ತೆ.

ನಾನು ಸೇರಿದ ಮೊದಲನೇ ಲ್ಯಾಬಲ್ಲಿ ಉಳಿದ ರೀಏಜೆಂಟನ್ನ ಹೊಸದಕ್ಕೆ ಸುರಿಯೋ ಅಭ್ಯಾಸ ಇತ್ತು, ದುಡ್ಡು ಉಳಿಯುತ್ತಲ್ಲ. ಜಾಂಡೀಸ್ ಹುಡುಗ ಒಬ್ಬನಿಗೆ ನಾರ್ಮಲ್, 34 ಅಂತ ಕೊಟ್ಟೆ, ಡಾಕ್ಟ್ರು ಫೋನ್ ಮಾಡಿ ಚೆನ್ನಾಗಿ ಉಗಿದ್ರು. ಹೊಸ ಬಾಟಲಿ ಒಡೆದು, ಒಂದು ಪಾಲು ಸೀರಮ್ಮಿಗೆ ಒಂಬತ್ತು ಪಾಲು ಸಲೈನ್ ಹಾಕಿ ಮಾಡಿ, ಬಂದಿದ್ದನ್ನ ಹತ್ತರಿಂದ ಗುಣಿಸಿದ್ರೆ ಸಾವಿರದ ಮೇಲಿತ್ತು.

ಡಿಸ್ಟಿಲ್ಡ್ ವಾಟರಲ್ಲಿ ಝೀರೋ ಮಾಡಿ ಬರೀ ವರ್ಕಿಂಗ್ ರೀಏಜೆಂಟ್ ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರುತ್ತೆ ಅಂತ) ನೋಡಿ. ಬಹಳಷ್ಟು ಕಿಟ್ಟಲ್ಲಿ 1.0ಕ್ಕಿಂತ ಕೆಳಗಿದ್ರೆ ಎಸೀರಿ ಅಂತಿರುತ್ತೆ, ನಿಮ್ಮ ಚೀಟಿಲಿ ಎಷ್ಟಿದೆ ನೋಡ್ಕೊಳ್ಳಿ. ಇದು ಕೆಟ್ರೆ ಕಣ್ಣಿಗೆ ಕಾಣಲ್ಲ. ಶುಗರ್‌ದು ಹಾಗಲ್ಲ, ತಾನಾಗೇ ಗುಲಾಬಿ ತಿರುಗುತ್ತೆ, ಆಲ್ಕಲೈನ್ ಫಾಸ್ಫಟೇಸ್‌ದು ಹಳದಿ.

ಇನ್ನೊಂದು, ನಿಮ್ಮಲ್ಲಿ ಬರೀ ನಾರ್ಮಲ್ ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್) ಓಡಿಸ್ತಿರಬೇಕು ಅಂತ ನನ್ನ ಗುಮಾನಿ. ಸುಸ್ತಾದ ರೀಏಜೆಂಟಲ್ಲೂ ನಾರ್ಮಲ್ ಕಂಟ್ರೋಲ್ ಸರಿಯಾಗೇ ಬರುತ್ತೆ, ಅದಕ್ಕೆ ಬೇಕಾಗಿರೋದೇ ಚೂರು. ಕಳ್ಳ ಸಿಕ್ಕಿಬೀಳೋದು ಹೈ ಕಂಟ್ರೋಲಲ್ಲಿ, ಓನರ್ ಎಷ್ಟೇ ಗೊಣಗಲಿ ಅದನ್ನ ತರಿಸಿ. ಬಾಟಲಿ ಒಡೆದ ದಿನ ಮಾರ್ಕರಲ್ಲಿ ಬರೀರಿ, ಫ್ರಿಜ್ ಬಾಗಿಲಲ್ಲಿ ಇಡಬೇಡಿ.

ಅಂದಹಾಗೆ ಹಳೇದೆಲ್ಲ ತೆಗೆದು ಎಸೆಯೋಕೆ ಹೋದಾಗ ಕ್ರಿಯಾಟಿನಿನ್‌ಗೆ ಬಳಸೋ ಪಿಕ್ರಿಕ್ ಆಸಿಡ್ ಪುಡಿ ಬಾಟಲಿ ಮೂಲೇಲಿ ಎಲ್ಲಾದ್ರೂ ಒಣಗಿ ಕೂತಿದ್ರೆ ಮುಚ್ಚಳ ತಿರುಗಿಸೋಕೆ ಹೋಗಬೇಡಿ, ಒಣಗಿದ್ರೆ ಅದು ಸಿಡಿಮದ್ದೇ, ಮುಟ್ಟದೆ ಮೇಲಿನವರಿಗೆ ಹೇಳಿ.

ಈ ವಾರ ಕೊಟ್ಟಿರೋ ಎಸ್‌ಜಿಪಿಟಿ ರಿಪೋರ್ಟ್‌ಗಳ ಡಾಕ್ಟ್ರಿಗೆ ಇವತ್ತೇ ಫೋನ್ ಮಾಡಿ ರಿಪೀಟ್ ಮಾಡ್ತೀವಿ ಅನ್ನಿ, ಆ ಹಳದಿ ಕಣ್ಣಿನವರ ಸ್ಯಾಂಪಲ್ ಡೈಲ್ಯೂಟ್ ಮಾಡಿದ್ಮೇಲೆ ಎಷ್ಟು ಬಂತು ಅಂತ ಇಲ್ಲೇ ಹಾಕಿ.