ಎಂಬತ್ತರ ದಶಕದ ಕನ್ನಡ ಸಿನಿಮಾಗಳು ನಿಜಕ್ಕೂ ಅಷ್ಟು ಚೆನ್ನಾಗಿವೆಯಾ, ಇಲ್ಲಾ ಎಲ್ಲಾ ಅಪ್ಪಂದಿರ ಹಳೇ ನೆನಪಾ?

'ಬಂಧನ' ಅರ್ಧಕ್ಕೆ ನಿಲ್ಲಿಸಿದೆ, 'ರಂಗನಾಯಕಿ' ತುಂಬಾ ಬರೀ ಅಳು, ನೋಡಬಹುದಾದ ಹತ್ತು ಸಿನಿಮಾದ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ನಿಮ್ಮ ವಯಸ್ಸಿನಲ್ಲಿ ನಾನೂ ಇದನ್ನೇ ನನ್ನ ಸೋದರಮಾವನ ಹತ್ತಿರ ಕೇಳಿದ್ದೆ.

ಮಾವ ಅರಸೀಕೆರೆಯಲ್ಲಿ ವಿಡಿಯೊ ಲೈಬ್ರರಿ ಇಟ್ಟಿದ್ದವರು. ಕ್ಯಾಸೆಟ್ ಬಾಡಿಗೆಗೆ ಕೊಡುವುದು ಒಂದು ಕಡೆ. ಟಿವಿ ಮತ್ತು ವಿಸಿಪಿ (ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ಪೆಟ್ಟಿಗೆ) ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ಕೊಡುವುದು ಇನ್ನೊಂದು ಕಡೆ. ನಾಮಕರಣ, ಗೃಹಪ್ರವೇಶ, ಗಣೇಶನ ಪೆಂಡಾಲು, ಎಲ್ಲದಕ್ಕೂ ಮಾವನೇ ಬೇಕು. ರಾತ್ರಿ ಊಟ ಆದ ಮೇಲೆ ಶುರುವಾದರೆ ಬೆಳಗಾಗುವಷ್ಟರಲ್ಲಿ ಮೂರು ಸಿನಿಮಾ ಮುಗಿಯುತ್ತಿದ್ದವು. ಕ್ಯಾಸೆಟ್ಟನ್ನು ರಿವೈಂಡ್ ಮಾಡದೆ ತಂದುಕೊಟ್ಟರೆ ದಂಡ. ಯಾರು ಯಾವತ್ತು ಏನು ಒಯ್ದರು, ಯಾವತ್ತು ವಾಪಸ್ ತಂದರು ಅನ್ನುವುದಕ್ಕೆ ಉದ್ದನೆಯ ರಿಜಿಸ್ಟರುಗಳು. ಕೇಬಲ್ ಬಂದು ಅಂಗಡಿ ಮುಚ್ಚಿದ ಮೇಲೆ ಎಲ್ಲವೂ ಅಟ್ಟ ಸೇರಿತು.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದು. ಪ್ರಶಸ್ತಿ ಬಂದ ಸಿನಿಮಾಗಳನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಹಾಕಿಕೊಂಡು, ಯೂಟ್ಯೂಬಿನಲ್ಲಿ ವೇಗ ಜಾಸ್ತಿ ಮಾಡಿ, ಹಾಡು ಹಾರಿಸಿ ನೋಡಿ, ಅಂಕ ಕೊಡುತ್ತಿದ್ದೆ. ಊರಿಗೆ ಹೋದಾಗ ಆ ಅಂಕಗಳನ್ನು ಮಾವನಿಗೆ ಓದಿ ಹೇಳುತ್ತಿದ್ದೆ. 'ರಂಗನಾಯಕಿ' ಮಾಡಿದ ಪುಟ್ಟಣ್ಣ ಕಣಗಾಲರಿಗೆ ಫ್ರೇಮ್ ಇಡೋಕೆ ಬರಲ್ಲ, ಎಲ್ಲರ ಹಣೆ ಕತ್ತರಿಸಿಹೋಗಿದೆ ಅಂತ ಒಂದು ಸಲ ಹೇಳಿದೆ. ಮಾವ ನಕ್ಕು, "ಹಾಡು ಬಿಟ್ಟು ಬಂಧನ ನೋಡಿದ್ಯೇನೋ? ಇನ್ನೇನು ನೋಡ್ದೆ ಹಂಗಾದ್ರೆ?" ಅಂದರು. ಅಷ್ಟೇ.

ಆಮೇಲೆ ಮಾವ ಮನೆ ಮಾರಿದರು. ಖಾಲಿ ಮಾಡುವಾಗ ಫೋನ್ ಮಾಡಿ, "ಅಟ್ಟದಲ್ಲಿ ಮೂಟೆಗಳಿವೆ ಕಣೋ, ನಿನಗೆ ಬೇಕಾ?" ಅಂದರು. ನಾನು ಆಫೀಸಿನಲ್ಲಿದ್ದೆ. "ಎಲ್ಲಾ ಯೂಟ್ಯೂಬಲ್ಲಿದೆ ಮಾವ, ಗುಜರಿಗೆ ಹಾಕಿಬಿಡಿ" ಅಂದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಸೆಟ್ ಹೋಯಿತಲ್ಲ ಅಂತ ನನಗೆ ಬೇಜಾರಿಲ್ಲ. ಅಷ್ಟು ವರ್ಷ ಅಟ್ಟದಲ್ಲಿದ್ದ ಟೇಪಿಗೆ ಬೂಷ್ಟು ಹಿಡಿದಿರುತ್ತದೆ, ಹಾಕಿದ್ದರೆ ಓಡುತ್ತಿದ್ದವೋ ಇಲ್ಲವೋ. ಹೋಗಿದ್ದು ರಿಜಿಸ್ಟರುಗಳು. ಅವೂ ಅದೇ ಮೂಟೆಯಲ್ಲಿದ್ದವು, ಹಳೇ ಪೇಪರಿನ ರೇಟಿಗೆ ಹೋದವು. ಮಾವ ಕೇಳಿದಾಗ ನನ್ನ ತಲೆಗೆ ಬಂದದ್ದು ಕ್ಯಾಸೆಟ್ ಮಾತ್ರ. ರಿಜಿಸ್ಟರ್ ನೆನಪಾಗಲೇ ಇಲ್ಲ. ಚಿಕ್ಕವನಿದ್ದಾಗ ಅಂಗಡಿಯ ಗಲ್ಲಾ ಪಕ್ಕ ಕೂತು ಅದೇ ರಿಜಿಸ್ಟರಿನಲ್ಲಿ ಗೆರೆ ಎಳೆದುಕೊಟ್ಟವನು ನಾನು. ಆದರೂ ನೆನಪಾಗಲಿಲ್ಲ.

ಈಗ ನಿಮ್ಮ ಪ್ರಶ್ನೆ ನೋಡಿ. ಆ ಸಿನಿಮಾ ಚೆನ್ನಾಗಿದೆಯಾ, ಇಲ್ಲಾ ಅಪ್ಪನ ಹಳೇ ನೆನಪಾ? ಇದಕ್ಕೆ ಉತ್ತರ ಇದ್ದದ್ದೇ ಆ ರಿಜಿಸ್ಟರಿನಲ್ಲಿ. ಅದರಲ್ಲಿ ಹೆಸರು ಬರೆಸಿದವರಿಗೆ 'ಬಂಧನ' ಹಳೇ ನೆನಪಾಗಿರಲಿಲ್ಲ, ಮೊನ್ನೆ ಮೊನ್ನೆಯ ಸಿನಿಮಾ ಆಗಿತ್ತು. ಟಾಕೀಸಿನಲ್ಲಿ ನೋಡಿದವರೇ ಮತ್ತೆ ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಯಾವ ಮನೆಯವರು ಯಾವುದನ್ನು ಎಷ್ಟು ಸಲ ಒಯ್ದರು ಅಂತ ಸಾಲುಸಾಲಾಗಿ ಇತ್ತು. ಯಾವ ಪ್ರಶಸ್ತಿ ಪಟ್ಟಿಯಲ್ಲೂ ಅದು ಸಿಗಲ್ಲ. ನನಗೆ ಉಳಿದಿರುವುದು ಚೂರುಪಾರು ನೆನಪು. 'ಪ್ರೇಮಲೋಕ'ದ ಕ್ಯಾಸೆಟ್ ಹಾಡು ಬರುವ ಜಾಗದಲ್ಲೆಲ್ಲ ಸವೆದು ಗೆರೆ ಗೆರೆ ಆಗಿತ್ತು. 'ತಬರನ ಕಥೆ'ಯನ್ನು ಒಬ್ಬ ರಿಟೈರ್ಡ್ ಮೇಷ್ಟ್ರು ಮಾತ್ರ ಒಯ್ಯುತ್ತಿದ್ದರು, ಅವರೂ ಪದೇ ಪದೇ. 'ಹಾಲು ಜೇನು' ಹೊತ್ತಿಗೆ ಸರಿಯಾಗಿ ವಾಪಸ್ ಬಂದದ್ದೇ ಇಲ್ಲ, ಪಕ್ಕದ ಮನೆ, ಅದರ ಪಕ್ಕದ ಮನೆ ಅಂತ ಸುತ್ತುತ್ತಿತ್ತು.

ಇನ್ನು "ಎಲ್ಲಾ ಯೂಟ್ಯೂಬಲ್ಲಿದೆ" ಅಂದೆನಲ್ಲ, ಅದೂ ಸುಳ್ಳು. ನಾನು ನೋಡಿದ 'ರಂಗನಾಯಕಿ'ಯ ಪ್ರತಿ ಈಗಿನ ಅಗಲದ ಟಿವಿಗೆ ಹೊಂದಲಿ ಅಂತ ಮೇಲೆ ಕೆಳಗೆ ಕತ್ತರಿಸಿದ್ದು. ಹಣೆ ಕತ್ತರಿಸಿದ್ದು ಪುಟ್ಟಣ್ಣ ಅಲ್ಲ, ಅಪ್‌ಲೋಡ್ ಮಾಡಿದ ಪುಣ್ಯಾತ್ಮ. ಬಣ್ಣ ಮಾಸಿ ಎಲ್ಲರ ಮುಖವೂ ಕೆಂಪು. ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಅಮ್ಮನ ಜೊತೆ ಟಿವಿಯಲ್ಲಿ ಅದೇ ಸಿನಿಮಾ ಚೌಕದ ಅಳತೆಯಲ್ಲೇ ಬಂತು. ಬಿಟ್ಟು ಏಳಲು ಆಗಲಿಲ್ಲ. ನಾಟಕ ಕಂಪನಿಯ ನಟಿ, ಮದುವೆಗೋಸ್ಕರ ರಂಗ ಬಿಡು ಅನ್ನುವ ಗಂಡ, ದೂರವಾದ ಮಗ. ಆ ಮಗ ದೊಡ್ಡವನಾಗಿ, ತಾಯಿ ಅಂತ ಗೊತ್ತಿಲ್ಲದೆ ಅವಳಿಗೇ ಮನಸೋಲುತ್ತಾನೆ. 1981ರಲ್ಲಿ, ಮನೆಮಂದಿಯೆಲ್ಲ ಟಾಕೀಸಿಗೆ ಬರುವ ಕಾಲದಲ್ಲಿ, ಈ ಕಥೆ ಇಟ್ಟುಕೊಂಡು ಸಿನಿಮಾ ಮಾಡಿದ್ದಾರೆ! ಅಳು ಜಾಸ್ತಿ, ಒಪ್ಪುತ್ತೇನೆ. ಹಿನ್ನೆಲೆ ಸಂಗೀತ ಕೆಲವು ಕಡೆ ಕಿವಿಗೆ ಹೊಡೆಯುತ್ತದೆ. ಆದರೆ ಆರತಿಯವರ ಮುಖ ನೋಡಿ. ಈಗ ಯಾವ ದೊಡ್ಡ ನಿರ್ಮಾಪಕ ಈ ಕಥೆಗೆ ದುಡ್ಡು ಹಾಕುತ್ತಾನೆ ಹೇಳಿ.

'ಬಂಧನ'ದ ವಿಷಯಕ್ಕೆ ಬಂದರೆ, ಹಾಡು ಹಾರಿಸಿದಿರಾ ಇಲ್ಲವಾ ಅಂತ ನೀವು ಬರೆದಿಲ್ಲ. ಹಾರಿಸಿದ್ದೀರಿ ಅಂತಲೇ ನನ್ನ ಅನುಮಾನ. ಅದರ ನಾಯಕ ಡಾಕ್ಟರ್ ಹರೀಶ್ ಬಾಯಿಬಿಟ್ಟು ಹೇಳುವ ಆಸಾಮಿ ಅಲ್ಲ. ಅವನ ಸಂಕಟವೆಲ್ಲ ಎಂ. ರಂಗರಾವ್ ಅವರ ಹಾಡುಗಳಲ್ಲಿದೆ. ಹಾಡು ತೆಗೆದರೆ ಉಳಿಯುವುದು ಸುಮ್ನೆ ಪೆಚ್ಚಾಗಿ ನಿಂತಿರುವ ವಿಷ್ಣುವರ್ಧನ್. ಅದು ಬೋರ್ ಆಗದೆ ಇನ್ನೇನಾಗುತ್ತದೆ? ನನಗೂ ಆಗಿತ್ತು. ನನ್ನ ಶೀಟಿನಲ್ಲಿ 'ಆಕ್ಸಿಡೆಂಟ್' ಒಂದಕ್ಕೇ ಒಳ್ಳೆ ಅಂಕ ಬಿದ್ದಿತ್ತು. ಯಾಕೆ ಗೊತ್ತಾ? ಶಂಕರ್ ನಾಗ್ ಅದರಲ್ಲಿ ಹಾಡೇ ಇಟ್ಟಿಲ್ಲ, ಹಾರಿಸಲು ನನಗೆ ಏನೂ ಸಿಗಲಿಲ್ಲ!

ಹಾಗಂತ 'ಆಕ್ಸಿಡೆಂಟ್' ಕಡಿಮೆ ಅಂತಲ್ಲ. ಅಮಲಿನಲ್ಲಿರುವ ದೊಡ್ಡವರ ಮನೆ ಹುಡುಗರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುತ್ತಾರೆ, ಆಮೇಲೆ ಅದನ್ನು ಮುಚ್ಚಿಹಾಕುವ ಆಟ ಶುರು. ಅನಂತ್ ನಾಗ್ ಮಾಡಿರುವ ರಾಜಕಾರಣಿ ಪಾತ್ರ ಬೇರೆ ಯಾರ ಕೈಲೂ ಆಗುತ್ತಿರಲಿಲ್ಲ. 1985ರ ಈ ಸಿನಿಮಾದ ಕಥೆಯನ್ನು ಆಮೇಲೆ ನಾವು ಪೇಪರಿನಲ್ಲಿ ಸುದ್ದಿಯಾಗಿ ಎಷ್ಟು ಸಲ ಓದಿದ್ದೇವೆ, ಅಲ್ವಾ?

ನಿಮ್ಮ ಅಪ್ಪ ಹೇಳಿದ್ದೆಲ್ಲ ಒಳ್ಳೆಯದೇ ಅಂತ ನಾನು ಹೇಳುವುದಿಲ್ಲ. ಸೊಕ್ಕಿನ ಹುಡುಗಿಗೆ ಹೀರೊ ಕೆನ್ನೆಗೆ ಬಾರಿಸಿ ಬುದ್ಧಿ ಕಲಿಸುವ ಸಿನಿಮಾಗಳು ಆ ಕಾಲದಲ್ಲಿ ಬೇಕಾದಷ್ಟು. ಅತ್ಯಾಚಾರದ ಸೀನನ್ನು ಮಸಾಲೆ ಥರ ಬಳಸಿದವೂ ಇವೆ. ಅವನ್ನು "ಆ ಕಾಲ ಹಾಗಿತ್ತು" ಅಂತ ಸಹಿಸಿಕೊಂಡು ನೋಡುವ ಹರಕೆ ಯಾರಿಗೂ ಬೇಡ. ಮುಲಾಜಿಲ್ಲದೆ ಬಿಡಿ.

ಹತ್ತರ ಪಟ್ಟಿ ಮಾತ್ರ ನಾನು ಕೊಡುವುದಿಲ್ಲ. ಪಟ್ಟಿ ಹಿಡಿದು ಕೂತರೆ ಸಿನಿಮಾ ಪರೀಕ್ಷೆ ಆಗಿಬಿಡುತ್ತದೆ, ನೀವು ಮೇಷ್ಟ್ರಾಗಿಬಿಡುತ್ತೀರಿ. ಮೊದಲು 'ಹಾಲು ಜೇನು' ಹಾಕಿ, 1982ರದ್ದು. ರಾಜ್‌ಕುಮಾರ್ ಅಂದರೆ ಎಲ್ಲರೂ 'ಕವಿರತ್ನ ಕಾಳಿದಾಸ' ಹೇಳುತ್ತಾರೆ. ನನ್ನ ಪ್ರಕಾರ ಆ ದಶಕದ ಅವರ ಒಳ್ಳೆಯ ಕೆಲಸ ಇದು. ಕಾಯಿಲೆ ಬಿದ್ದ ಹೆಂಡತಿಗೋಸ್ಕರ ಸುಳ್ಳಿನ ಮೇಲೆ ಸುಳ್ಳು ಹೇಳುವ ಗಂಡ. ನಗುತ್ತಾ ನಗುತ್ತಾ ಗಂಟಲು ಕಟ್ಟುತ್ತದೆ. ಇದನ್ನು ಮಾಡಿದ ಸಿಂಗೀತಂ ಶ್ರೀನಿವಾಸರಾವ್ ಅವರೇ 1987ರಲ್ಲಿ 'ಪುಷ್ಪಕ ವಿಮಾನ' ಮಾಡಿದರು. ಅದರಲ್ಲಿ ಮಾತೇ ಇಲ್ಲ, ಹಾಗಾಗಿ "ಡೈಲಾಗ್ ಹಳೇದು" ಅಂತ ನೀವು ತಕರಾರು ತೆಗೆಯುವ ಹಾಗಿಲ್ಲ. ಆಗಿನ ಬೆಂಗಳೂರನ್ನೂ ನೋಡಿದಂತಾಗುತ್ತದೆ.

'ತಬರನ ಕಥೆ' ಈಗಲೇ ಬೇಡ. ಕಾಸರವಳ್ಳಿಯವರದ್ದು, ತೇಜಸ್ವಿಯವರ ಕಥೆ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದದ್ದು ಅಂತೆಲ್ಲ ಯಾರಾದರೂ ಹೇಳಿ ಮೊದಲೇ ನಿಮ್ಮನ್ನು ಕೂರಿಸಿಬಿಡುತ್ತಾರೆ. ಪಿಂಚಣಿಗೋ, ಖಾತೆಗೋ, ಆಧಾರಿನಲ್ಲಿ ತಪ್ಪಾದ ಹೆಸರು ಸರಿಮಾಡಿಸಲಿಕ್ಕೋ ಒಂದು ಸಲ ನೀವೇ ಆ ತಬರನ ಹಾಗೆ ಕಚೇರಿ ಕಚೇರಿ ಅಲೆದು ಬನ್ನಿ. ಆ ರಾತ್ರಿ ನೋಡಿ.

'ಬಂಧನ'ಕ್ಕೆ ವಾಪಸ್ ಹೋಗುವುದಾದರೆ ಅಪ್ಪನನ್ನೂ ಕೂರಿಸಿಕೊಳ್ಳಿ. ಚೆನ್ನಾಗಿದೆಯಾ ಅಂತ ಅವರನ್ನು ಕೇಳಬೇಡಿ. ಯಾವ ಟಾಕೀಸಿನಲ್ಲಿ ನೋಡಿದ್ರಿ, ಯಾರ ಜೊತೆ ಹೋಗಿದ್ರಿ, ಎಷ್ಟನೇ ಸಲ ಅಂತ ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಫೋನ್ ಪಕ್ಕದ ರೂಮಿನಲ್ಲಿರಲಿ. ಸಿನಿಮಾದ ಪ್ರತಿ ಹುಡುಕುವಾಗ ಚೌಕದ ಅಳತೆಯಲ್ಲಿ, ಹಣೆ ಪೂರ್ತಿ ಕಾಣುವಂಥದ್ದು ಸಿಕ್ಕರೆ ಅದನ್ನೇ ಹಾಕಿ.