ಭೂತಾನಕ್ಕೆ ಪಾಠ ಹೇಳಲು ಹೋಗುವ ಮುನ್ನ ಝೋಂಗ್ಖಾ ಕಲಿಯಬೇಕೇ?

ಪೂರ್ವ ಭೂತಾನದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಒಂದು ವರ್ಷ ಊರಲ್ಲೇ ನಿಂತು ಅಲ್ಲಿನ ರಾಷ್ಟ್ರಭಾಷೆಯಾದ ಝೋಂಗ್ಖಾ ಕಲಿತು ಹೊರಡಲೇ ಎಂದು ಕೇಳಿದ್ದೀರಿ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ನಿಲ್ಲಬೇಡಿ, ಹೊರಡಿ. ಅಲ್ಲಿ ಶಾಲೆಯ ಪಾಠಗಳು 1960ರ ದಶಕದಿಂದಲೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿವೆ. ಮೇಲಾಗಿ ಪೂರ್ವದ ಬಹಳಷ್ಟು ಹಳ್ಳಿಗಳಲ್ಲಿ ಮನೆಮಾತು ಝೋಂಗ್ಖಾ ಅಲ್ಲ, ತ್ಷಾಂಗ್ಲಾ. ನಾನು ಎಡವಿದ್ದು ಬೇರೆಯೇ ಕಡೆ.

ಗುವಾಹಟಿಯಿಂದ ಹೊರಟು ಸಾಮ್ದ್ರುಪ್ ಜೋಂಗ್ಖಾರ್‌ನಲ್ಲಿ ಗಡಿ ದಾಟಿ, ತ್ರಾಶಿಗಾಂಗ್‌ವರೆಗಿನ ಸುಮಾರು 180 ಕಿಲೋಮೀಟರ್ ಘಟ್ಟದ ದಾರಿಯನ್ನು ಹಗಲಿಡೀ ಬಸ್ಸಿನಲ್ಲಿ ಕಳೆದು ಊರು ಸೇರಿದೆ. ಮೂರನೆಯ ಸಂಜೆ ನನ್ನ ತರಗತಿಯ ಹುಡುಗನೊಬ್ಬನ ತಾಯಿ ಬಿದಿರಿನ ಬುಟ್ಟಿಯಲ್ಲಿ ಆರು ಮೊಟ್ಟೆ, ಎಲೆಯಲ್ಲಿ ಸುತ್ತಿದ ಬೆಣ್ಣೆ ತಂದರು. ನನ್ನ ಅಪ್ಪನೂ ಮೇಷ್ಟ್ರು. ಮಕ್ಕಳ ಮನೆಯಿಂದ ಒಂದು ತೆಂಗಿನಕಾಯಿಯನ್ನೂ ಮುಟ್ಟಿದವರಲ್ಲ. ಹಾಗಾಗಿ ಬೇಡವೆಂದೆ. ಅಲ್ಲಿ ಏನನ್ನಾದರೂ ಕೊಡಬಂದರೆ ಬಾಯಿಗೆ ಕೈ ಅಡ್ಡವಿಟ್ಟು ಒಂದೆರಡು ಬಾರಿ 'ಮೇಶು, ಮೇಶು' ಎನ್ನುವುದು ಮರ್ಯಾದೆ. ನನ್ನ ಮಾತನ್ನೂ ಅವರು ಹಾಗೆಯೇ ತಿಳಿದು ನಗುತ್ತ ಬುಟ್ಟಿಯನ್ನು ಮತ್ತೆ ಮುಂದೆ ನೀಡಿದರು. ನಾನು ನೂರು ನುಲ್ಟ್ರಂ ತೆಗೆದು ಅವರ ಕೈಗೆ ತುರುಕಿದೆ. ಅವರು ಆ ನೋಟನ್ನು ಹೊಸ್ತಿಲ ಮೇಲಿಟ್ಟು, ಬುಟ್ಟಿಯನ್ನೂ ಅಲ್ಲೇ ಬಿಟ್ಟು, ಮಾತಿಲ್ಲದೆ ಇಳಿಜಾರಿನಲ್ಲಿ ಇಳಿದುಹೋದರು.

ಬೇಡವೆಂದದ್ದಕ್ಕೆ ಕ್ಷಮೆಯಿತ್ತು, ಬೇಡ ಬೇಡ ಎನ್ನುತ್ತಲೇ ಬಡಿಸಿಕೊಳ್ಳುವ ನಮ್ಮ ಊಟದ ಪಂಕ್ತಿಯ ಹಾಗೆಯೇ ಅದು. ಆದರೆ ದುಡ್ಡು ಕೊಟ್ಟದ್ದರಿಂದ, ಹೊಸ ಮೇಡಂ ತಮ್ಮವರಾಗಲಿ ಎಂದು ಬಂದಿದ್ದ ಆ ತಾಯಿಯನ್ನು ನಾನು ಮೊಟ್ಟೆ ಮಾರುವವರನ್ನಾಗಿ ಮಾಡಿಬಿಟ್ಟೆ. ನಮ್ಮ ಮನೆಗೆ ಬಂದವರು ಎಲೆಯಡಿಕೆಯ ತಟ್ಟೆಗೆ ಹಣ ಹಾಕಿದ್ದರೆ ನನ್ನ ಅಜ್ಜಿಗೆ ಏನಾಗುತ್ತಿತ್ತೆಂದು ಆ ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆ ಮೇಲೆ ತಿಂಗಳುಗಟ್ಟಲೆ ಯಾರೂ ನನ್ನ ಬಾಗಿಲಿಗೆ ಬರಲಿಲ್ಲ. ಅದೇ ಹುಡುಗ ಮೂರು ವಾರ ಶಾಲೆ ತಪ್ಪಿಸಿದಾಗ ಸೋಮಾರಿ ಎಂದು ಬರೆದು ವರದಿ ಕೊಟ್ಟೆ. ಅವನು ರಾತ್ರಿಯಿಡೀ ಮೆಕ್ಕೆಜೋಳದ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಕಾಯುತ್ತಿದ್ದುದು ಇಡೀ ಹಳ್ಳಿಗೆ ಗೊತ್ತಿತ್ತು, ನನಗೆ ಹೇಳುವವರಿರಲಿಲ್ಲ. ಆ ವರ್ಷ ಅವನು ಅದೇ ತರಗತಿಯಲ್ಲಿ ಉಳಿದ. ಅದು ಇಂದಿಗೂ ನನ್ನನ್ನು ಸುಡುತ್ತದೆ.

ಅಲ್ಲಿ ಬಹುಕಾಲ ಕಲಿಸಿದ್ದ ಕೇರಳದ ಹಿರಿಯ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದ ಮೇಲಷ್ಟೇ ನನಗೆ ತಪ್ಪು ತಿಳಿದದ್ದು. ಡಿಸೆಂಬರಿನ ರಜೆಗೆ ಮುನ್ನ ಆ ಹುಡುಗನ ಮನೆಗೆ ಹೋದೆ. ಅವನ ತಾಯಿ ಎಲೆಗೆ ಸುಣ್ಣ ಹಚ್ಚಿ, ಅಲ್ಲಿನ ಎಲೆಯಡಿಕೆಯಾದ ಡೋಮಾ ಕಟ್ಟಿಕೊಟ್ಟರು. ಹುದುಗು ಬಂದ ಹಸಿ ಅಡಿಕೆಯ ಘಾಟು ಅಡಿಕೆ ತೋಟದಲ್ಲಿ ಬೆಳೆದ ನನಗೂ ಹೊಸದು, ಕಿವಿಯವರೆಗೆ ಬಿಸಿಯೇರಿತು. ಎರಡೂ ಕೈಯೊಡ್ಡಿ ತೆಗೆದುಕೊಂಡೆ, ಅಗಿದೆ, ಅತ್ತೆ.

ಆದ್ದರಿಂದ ಆ ಒಂದು ವರ್ಷವನ್ನು ವ್ಯಾಕರಣಕ್ಕೆ ಸುರಿಯಬೇಡಿ. ಈ ಫೆಬ್ರವರಿಯಲ್ಲೇ ಹೊರಡಿ, ಮಾತನ್ನು ಮಕ್ಕಳೇ ಕಲಿಸುತ್ತಾರೆ. ಮನೆಗೆ ಬುಟ್ಟಿ ಬಂದರೆ ಒಮ್ಮೆ 'ಮೇಶು' ಎಂದು ಇಟ್ಟುಕೊಳ್ಳಿ. ಮರುವಾರ ಬುಟ್ಟಿಯನ್ನು ಹಿಂದಿರುಗಿಸುವಾಗ ಅದರಲ್ಲಿ ಬಿಸ್ಕತ್ತೋ ಚಹಾಪುಡಿಯೋ ಇರಲಿ. ನೀವೇ ನಡೆದು ಹೋಗಿ ಕೊಡಿ, ಹುಡುಗರ ಕೈಯಲ್ಲಿ ಕಳುಹಿಸಬೇಡಿ.