ಕೌಂಟಿ ಅಂದ್ರೆ ಜಿಲ್ಲೆನಾ, ಊರಾ?

ಪ್ರಶ್ನೆ: ಕೆನಡಾದ ಒಂಟಾರಿಯೋದಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂತ ಇದೆ. ಅದನ್ನ ಒಂದು ಕಡೆ ಕೌಂಟಿ ಅಂತಾರೆ, ಇನ್ನೊಂದು ಕಡೆ ಮುನಿಸಿಪಾಲಿಟಿ ಅಂತಾರೆ, ಮ್ಯಾಪಲ್ಲಿ ನೋಡಿದ್ರೆ ದ್ವೀಪ. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಅನ್ನೋದೂ ಇದೇನಾ?

ಉತ್ತರ: ಅಲ್ಲ, ಐಲ್ಯಾಂಡ್ ಅನ್ನೋದು ಅಟ್ಲಾಂಟಿಕ್ ಕಡೆ ಇರೋ ಬೇರೆ ಪ್ರಾಂತ್ಯ. ಆದ್ರೆ ಎರಡಕ್ಕೂ ಒಬ್ಬನೇ ರಾಜಕುಮಾರನ ಹೆಸರು, ಮೂರನೇ ಜಾರ್ಜ್ ದೊರೆಯ ಮಗ, ವಿಕ್ಟೋರಿಯಾ ರಾಣಿಯ ಅಪ್ಪ.

ಈ ಕೌಂಟಿ ಇರೋದು ಒಂಟಾರಿಯೋ ಸರೋವರದೊಳಗೆ ಚಾಚ್ಕೊಂಡಿರೋ ನೆಲದಲ್ಲಿ. ಮೊದ್ಲು ಇದು ದ್ವೀಪ ಆಗಿರ್ಲಿಲ್ಲ, ವಾಯವ್ಯದ ಮೂಲೆಯಲ್ಲಿ ಸಣ್ಣದೊಂದು ನೆಲದ ಪಟ್ಟಿ ಮುಖ್ಯಭೂಮಿಗೆ ಅಂಟ್ಕೊಂಡಿತ್ತು, ಅಲ್ಲಿ ಜನ ದೋಣಿಗಳನ್ನ ಹೊತ್ಕೊಂಡು ಈ ನೀರಿಂದ ಆ ನೀರಿಗೆ ದಾಟ್ತಿದ್ರು, ಅದಕ್ಕೇ ಆ ಜಾಗಕ್ಕೆ ಇವತ್ತಿಗೂ ಕ್ಯಾರೀಯಿಂಗ್ ಪ್ಲೇಸ್ ಅಂತಾನೇ ಹೆಸರು. 1889ರಲ್ಲಿ ಅಲ್ಲೇ ಮರ್ರೇ ಕಾಲುವೆ ತೆರೆದ್ಮೇಲೆ ಸುತ್ತಲೂ ನೀರಾಯ್ತು.

ಇನ್ನು ಆಡಳಿತ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ಪರ ನಿಂತು ನೆಲೆ ಕಳ್ಕೊಂಡ ಲಾಯಲಿಸ್ಟ್‌ಗಳು 1784ರಲ್ಲಿ ಇಲ್ಲಿಗೆ ಬರೋಕೆ ಶುರು ಮಾಡಿದ್ರು. ಅವರಿಗೆ ಅಳೆದುಕೊಟ್ಟ ಟೌನ್‌ಶಿಪ್‌ಗಳಿಗೆ ಮೊದ್ಲು ಬರೀ ನಂಬರು, ಐದನೇ ಟೌನ್, ಆರನೇ ಟೌನ್, ಏಳನೇ ಟೌನ್. ಆಮೇಲೆ ಅವಕ್ಕೇ ದೊರೆಯ ಹೆಣ್ಮಕ್ಕಳ ಹೆಸರಿಟ್ರು, ಮೇರಿಯಿಂದ ಮೇರೀಸ್‌ಬರ್ಗ್, ಸೋಫಿಯಾಯಿಂದ ಸೋಫಿಯಾಸ್‌ಬರ್ಗ್, ಅಮೀಲಿಯಾಯಿಂದ ಅಮೀಲಿಯಾಸ್‌ಬರ್ಗ್! ಅಣ್ಣನ ಹೆಸರಿನ ಕೌಂಟಿಯೊಳಗೆ ಮೂವರು ತಂಗಿಯರು, ಮ್ಯಾಪ್ ತೆಗೆದಾಗೆಲ್ಲ ಮೊದ್ಲು ನನ್ನ ಕಣ್ಣು ಹೋಗೋದೇ ಅಲ್ಲಿಗೆ. ಕೌಂಟಿ ಅಂತ ಘೋಷಣೆ ಆಗಿದ್ದು 1792ರಲ್ಲಿ, ಸಿಮ್ಕೋ ಅನ್ನೋ ಲೆಫ್ಟಿನೆಂಟ್ ಗವರ್ನರ್ ಕಾಲದಲ್ಲಿ.

ನಿಮ್ಮ ಗೊಂದಲ ಹುಟ್ಟಿದ್ದು 1998ರಲ್ಲಿ. ಒಂಟಾರಿಯೋದಲ್ಲಿ ಸಾಮಾನ್ಯವಾಗಿ ಕೌಂಟಿ ಅಂದ್ರೆ ಮೇಲಿನ ಹಂತ, ಅದರ ಕೆಳಗೆ ಟೌನ್‌ಗಳು ಟೌನ್‌ಶಿಪ್‌ಗಳು, ಎರಡಕ್ಕೂ ಬೇರೆ ಬೇರೆ ಕೌನ್ಸಿಲ್. ಇಲ್ಲೂ ಹಾಗೇ ಇತ್ತು, ಪಿಕ್ಟನ್ ಟೌನು, ಬ್ಲೂಮ್‌ಫೀಲ್ಡ್, ವೆಲಿಂಗ್ಟನ್ ಅನ್ನೋ ಎರಡು ಹಳ್ಳಿ, ಏಳು ಟೌನ್‌ಶಿಪ್. ಆ ವರ್ಷ ಜನವರಿ 1ಕ್ಕೆ ಹತ್ತನ್ನೂ ಕೌಂಟಿ ಜೊತೆ ಸೇರಿಸಿ ಒಂದೇ ಹಂತದ ಮುನಿಸಿಪಾಲಿಟಿ ಮಾಡಿಬಿಟ್ರು, ಹೆಸರು ಮಾತ್ರ ಕೌಂಟಿ ಅಂತಾನೇ ಉಳೀತು. ಹಾಗಾಗಿ ಜಿಲ್ಲೆ ಅನ್ನೋದೂ ಪೂರ್ತಿ ಸರಿಯಲ್ಲ, ಊರು ಅನ್ನೋದೂ ಸರಿಯಲ್ಲ. ಅಲ್ಲಿಯವರು ಸುಮ್ನೆ 'ದಿ ಕೌಂಟಿ' ಅಂತಾರೆ. ಖರ್ಚು ಉಳಿಸೋಕೆ ಒಗ್ಗೂಡಿಸೋದು ಅರ್ಥ ಆಗತ್ತೆ, ಆದ್ರೂ ನೂರೈವತ್ತು ವರ್ಷ ಹತ್ತಿರ ಬಾಳಿದ ಟೌನ್‌ಶಿಪ್ ಕೌನ್ಸಿಲ್‌ಗಳು ಹೋಗಿದ್ದು ನಷ್ಟವೇ ಅಂತ ನನಗನ್ಸತ್ತೆ.

ಪ್ರಶ್ನೆ: ಅಲ್ಲಿ ಬೆಟ್ಟದ ಮೇಲೆ ಕೆರೆ ಇದ್ಯಂತೆ, ನಿಜಾನಾ?

ಉತ್ತರ: ನಿಜ, ಹೆಸರೇ 'ಲೇಕ್ ಆನ್ ದ ಮೌಂಟನ್'. ಬೆನ್ನ ಹಿಂದೆ ರಸ್ತೆಯಾಚೆ ಕೆರೆ ಶಾಂತವಾಗಿ ತುಂಬಿರತ್ತೆ, ಮುಂದೆ ಒಂದೆರಡು ಹೆಜ್ಜೆ ಇಟ್ರೆ ನೆಲ ಮುಗಿದು ಸುಮಾರು 60 ಮೀಟರ್ ಕೆಳಗೆ ಕ್ವಿಂಟಿ ಕೊಲ್ಲಿಯ ನೀರು. ಎರಡು ನೀರು, ಎರಡು ಎತ್ತರ, ಕತ್ತು ತಿರುಗಿಸಿದ್ರೆ ಸಾಕು. ಕೆಳಗೆ ಗ್ಲೆನೋರಾದಿಂದ ಆಚೆ ದಡಕ್ಕೆ ಕಾರುಗಳನ್ನ ಹೊತ್ಕೊಂಡು ಫೆರ್ರಿ ಹೋಗ್ತಿರತ್ತೆ, ಅದು 33ನೇ ಹೆದ್ದಾರಿಯದ್ದೇ ಭಾಗ, ಟಿಕೆಟ್ ಇಲ್ಲ.